ನ್ಯಾಚುರಲ್ ಲಿಕ್ವಿಡ್ ಸೋಪು ಬಳಸಿದರೂ ಕೈ ಒಡೆಯದಿರಲು

ಕ್ಯಾತ್ಸಂದ್ರದಲ್ಲಿ ನಮ್ಮದು ಚಿಕ್ಕ ತಟ್ಟೆ ಇಡ್ಲಿ ಹೋಟೆಲು. ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನದೊಳಗೆ ಕಡಿಮೆ ಅಂದರೂ 40 ಸಲ ಕೈ ತೊಳೆಯುತ್ತೇನೆ. ಹೋದ ಧನುರ್ಮಾಸದಲ್ಲಿ ಬೆರಳ ಸಂದಿಯೆಲ್ಲ ಬಿರುಕು ಬಿಟ್ಟು, ಕೆಂಪು ಚಟ್ನಿ ಮುಟ್ಟಿದರೆ ಜೀವ ಹೋದಂತೆ ಉರಿಯುತ್ತಿತ್ತು. ಮಗಳು "ಕೆಮಿಕಲ್ ಸೋಪು ಬಿಡಪ್ಪ" ಅಂತ ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ನ್ಯಾಚುರಲ್ ಲಿಕ್ವಿಡ್ ಸೋಪು ತಂದುಕೊಟ್ಟಳು. ಹದಿನೈದು ದಿನಕ್ಕೆ ಕೈ ಇನ್ನೂ ಕೆಟ್ಟಿತು.

ತಿಪಟೂರು ಕೊಬ್ಬರಿ ಸೀಮೆಯವರು ಇದನ್ನು ಒಪ್ಪುವುದು ಕಷ್ಟ. ಕೊಬ್ಬರಿ ಎಣ್ಣೆ ಹಚ್ಚಿದರೆ ತಂಪು, ಅಲ್ವಾ? ಆದರೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರ ಸೇರಿಸಿ ಸೋಪು ಮಾಡಿದ ಮೇಲೆ ಅದರ ಗುಣವೇ ಬೇರೆ. ಜಿಡ್ಡು ಕೀಳುವುದರಲ್ಲಿ ಬಲು ಜೋರು. ತಟ್ಟೆಯ ಜಿಡ್ಡಿನ ಜೊತೆ ಕೈಯಲ್ಲಿರುವ ಜಿಡ್ಡೂ ಹೋಗುತ್ತದೆ. ನಮ್ಮ ಚರ್ಮದ ಪಿಎಚ್, ಅಂದರೆ ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ, 5ರ ಆಸುಪಾಸು, ಇಂಥ ಸೋಪಿನದು 9ರಿಂದ 10, ಅಂದರೆ ಕ್ಷಾರ. ಕೊಳ್ಳುವಾಗ ಸೀಸೆಯ ಹಿಂದೆ ಓದಿ. ಆಲಿವ್ ಎಣ್ಣೆ ಜಾಸ್ತಿ ಇರುವುದು ಮೃದು. ಘಮಘಮ ಅನ್ನೋದನ್ನು ಮೊದಲು ಮೊಣಕೈ ಒಳಮಡಿಕೆಗೆ ಹಚ್ಚಿ ತೊಳೆದು, ಒಂದು ದಿನ ನೋಡಿ. ನಿಂಬೆಹುಲ್ಲಿನ ಎಣ್ಣೆಯೂ ಕೆಲವರಿಗೆ ತುರಿಕೆ ತರುತ್ತದೆ.

ಅರ್ಧ ತಪ್ಪು ನೀರಿನದು. ನಮ್ಮದು ಬೋರ್‌ವೆಲ್ ನೀರು. ಇಡ್ಲಿ ಬೇಯಿಸುವ ಪಾತ್ರೆಯ ತಳದಲ್ಲಿ ವಾರಕ್ಕೊಂದು ಬಿಳಿ ಪೊರೆ ಕಟ್ಟುತ್ತದೆ, ಕೆರೆದು ಕೆರೆದು ಸಾಕಾಗಿದೆ. ಪೊರೆ ಕಟ್ಟಿಸುವ ಆ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿದರೆ ನೊರೆ ಬರುವುದಿಲ್ಲ, ಒಡೆದ ಹಾಲಿನಂಥ ಅಂಟು ಆಗಿ ಕೈಗೆ ಹತ್ತಿಕೊಳ್ಳುತ್ತದೆ. ನಾವು ನೊರೆ ಬರಲಿಲ್ಲ ಅಂತ ಇನ್ನೊಂದಿಷ್ಟು ಸೋಪು ಸುರಿಯುತ್ತೇವೆ! ಪರೀಕ್ಷೆ ಸುಲಭ. ಅರ್ಧ ಬಾಟಲಿ ನೀರಿಗೆ ನಾಲ್ಕು ಹನಿ ಸೋಪು ಹಾಕಿ ಕುಲುಕಿ. ನೊರೆ ನಿಲ್ಲದೆ ನೀರು ಬೆಳ್ಳಗೆ ಕದಡಿದರೆ ನಿಮ್ಮದೂ ಉಪ್ಪು ನೀರೇ, ಅಂದರೆ ಗಡಸು ನೀರು.

ಅದಕ್ಕೆ ನಾನು ಮಾಡಿಕೊಂಡ ದಾರಿ ಒಂದು ಕ್ಯಾನು. ಶುದ್ಧ ನೀರಿನ ಘಟಕದಿಂದ 20 ಲೀಟರ್ ತಂದು, ಕೈ ತೊಳೆಯುವ ಜಾಗದಲ್ಲಿ ಒಂದು ಚೊಂಬು ಇಟ್ಟಿದ್ದೇನೆ. ಮೊದಲು ಬೋರ್ ನೀರಲ್ಲಿ ಚೆನ್ನಾಗಿ ತೊಳೆದು, ಕೊನೆಗೆ ಅರ್ಧ ಚೊಂಬು ಆ ನೀರು. ಮಳೆನೀರು ಹಿಡಿದಿದ್ದರೆ ಅದೂ ಆಗುತ್ತದೆ.

ಮಂದವಾದ ಲಿಕ್ವಿಡ್ ಸೋಪನ್ನು ಹಾಗೇ ಕೈಗೆ ಸುರಿದುಕೊಳ್ಳಬೇಡಿ. ನೊರೆ ಬರುವ ಪಂಪ್ ಬಾಟಲಿಗೆ ಒಂದು ಪಾಲು ಸೋಪು, ಮೂರು ಪಾಲು ಕುದಿಸಿ ಆರಿಸಿದ ನೀರು. ಎರಡು ಮೂರು ದಿನಕ್ಕೆ ಆಗುವಷ್ಟೇ ಬೆರೆಸಿ, ಇಟ್ಟರೆ ಕೆಡುತ್ತದೆ. ಮೃದುವಾಗಲಿ ಅಂತ ಅದಕ್ಕೇ ಕೊಬ್ಬರಿ ಎಣ್ಣೆ ಹಾಕಿದ್ದೆ. ಎಣ್ಣೆ ಮೇಲೆ ತೇಲಿತು. ನಿಂಬೆಹುಳಿ ಹಿಂಡಿದೆ, ಸೋಪೇ ಒಡೆದುಹೋಯಿತು. ಎರಡೂ ಬೇಡ.

ಬಿಸಿನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ಬರೀ ಇಡ್ಲಿ ಹಿಟ್ಟು ಅಂಟಿದ್ದರೆ ನೀರೇ ಸಾಕು. ದುಡ್ಡು ಮುಟ್ಟಿದ ಮೇಲೆ, ಬಚ್ಚಲಿಗೆ ಹೋಗಿ ಬಂದ ಮೇಲೆ ಮಾತ್ರ ಸೋಪು ತಪ್ಪಿಸಬೇಡಿ. ಟವೆಲಲ್ಲಿ ತಿಕ್ಕದೆ ಒತ್ತಿ ಒರೆಸಿ. ಕೈಯಲ್ಲಿ ಪಸೆ ಇರುವಾಗಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ. ಒಣಗಿದ ಮೇಲೆ ಹಚ್ಚಿದರೆ ಅಷ್ಟು ಹಿಡಿಯುವುದಿಲ್ಲ. ನನಗೆ ಹೋಟೆಲಲ್ಲಿ ಪ್ರತಿ ಸಲ ಹಚ್ಚಲಾಗದು, ಲೋಟ ಜಾರುತ್ತದೆ. ಮಧ್ಯಾಹ್ನ ಬಾಗಿಲು ಹಾಕಿದ ಮೇಲೊಮ್ಮೆ, ರಾತ್ರಿ ಮಲಗುವಾಗ ದಪ್ಪಗೆ ಹಚ್ಚಿ ಹಳೇ ಕಾಟನ್ ಕಾಲುಚೀಲ ಕೈಗೆ ಹಾಕಿಕೊಳ್ಳುತ್ತೇನೆ. ಮೊಮ್ಮಗ ನಗುತ್ತಾನೆ, ನಗಲಿ.

ರಕ್ತ ಜಿನುಗಿದರೆ, ಗುಳ್ಳೆ ಎದ್ದರೆ ಎಣ್ಣೆ ನಂಬಿ ಕೂರಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ನನಗೆ ಅವರೇ ಹೇಳಿದ್ದು: ಉಂಗುರದ ಕೆಳಗೆ ಸೋಪು ಉಳಿದು ಅಲ್ಲೇ ಮೊದಲು ಒಡೆಯುತ್ತದಂತೆ. ಆವತ್ತಿನಿಂದ ಮದುವೆ ಉಂಗುರ ಬೆಳಗಿನ ಹೊತ್ತು ಗಲ್ಲಾಪೆಟ್ಟಿಗೆಯಲ್ಲಿ ಇರುತ್ತದೆ.