ಬೇರೆ ಗೈಡ್ ವಿದ್ಯಾರ್ಥಿ ಓಡಿಸಿದರೆ ಮಾತ್ರ ಸಹಿ

ನಮ್ಮ ವಿಭಾಗದಲ್ಲಿ ಈಗ ಒಂದು ಪದ್ಧತಿ ಇದೆ. ಪಿಎಚ್‌.ಡಿ. ವಿದ್ಯಾರ್ಥಿಗಳು ಪೇಪರ್ ಕಳಿಸುವ ಮೊದಲು ಡೇಟಾ, ಕೋಡ್ ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿ, ಬೇರೆ ಗೈಡ್ ಕೈಕೆಳಗಿನ ಒಬ್ಬರಿಗೆ ಕೊಡಬೇಕು. ಅವರು ಬೇರೆ ಕಂಪ್ಯೂಟರಿನಲ್ಲಿ ಓಡಿಸಿದಾಗ ಪೇಪರಿನಲ್ಲಿರುವ ಕೋಷ್ಟಕವೇ ಬಂದರೆ ಗೈಡ್ ಸಹಿ ಹಾಕುತ್ತಾರೆ. ಬರದಿದ್ದರೆ ಇಲ್ಲ. "ಇದೆಲ್ಲ ನಮ್ಮಲ್ಲಿ ನಡೆಯಲ್ಲ ರೀ, ಒಂದು ಸೆಮಿಸ್ಟರ್ ನೋಡಿ" ಅಂದಿದ್ದರು ಹಿರಿಯರೊಬ್ಬರು. ಮೂರು ವರ್ಷದ ಮೇಲಾಯಿತು, ನಡೆಯುತ್ತಲೇ ಇದೆ. ಅವರ ವಿದ್ಯಾರ್ಥಿಗಳೂ ಬರುತ್ತಿದ್ದಾರೆ.

ಶುರುವಾಗಿದ್ದು, ಬೇರೆಯವರು ಮತ್ತೆ ಮಾಡಿದರೂ ಅದೇ ಉತ್ತರ ಬರುವಂತೆ ಸಂಶೋಧನೆ ಮಾಡುವುದು ಹೇಗೆ ಎಂಬ ಕಾರ್ಯಾಗಾರದಿಂದ. ಎರಡು ದಿನ, ಅರವತ್ತು ಜನ. ಊಟ, ಬ್ಯಾಗು, ಬ್ಯಾನರು, ಟಿಎ-ಡಿಎ ಎಲ್ಲ ಸೇರಿ ಹತ್ತಿರಹತ್ತಿರ 70 ಸಾವಿರ ಖರ್ಚಾಯಿತು. 2016ರಲ್ಲಿ ನೇಚರ್ ಪತ್ರಿಕೆ 1,576 ಸಂಶೋಧಕರನ್ನು ಕೇಳಿದಾಗ ಶೇ. 70ಕ್ಕೂ ಜಾಸ್ತಿ ಜನ, ಬೇರೆಯವರ ಪ್ರಯೋಗ ಮತ್ತೆ ಮಾಡಲು ಹೋಗಿ ಆಗಲಿಲ್ಲ ಅಂದಿದ್ದರಲ್ವಾ, ಆ ಸ್ಲೈಡಿಗೆ ಎಲ್ಲರೂ ತಲೆಯಾಡಿಸಿದರು. ಸರ್ಟಿಫಿಕೇಟ್ ತಗೊಂಡು ಹೊರಟರು. ತಿಂಗಳಾದ ಮೇಲೆ ಗಿಟ್ (ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ತಂತ್ರಾಂಶ) ಬಳಸುತ್ತಿದ್ದವರು ಇಬ್ಬರೋ ಮೂವರೋ. ಆಮೇಲೆ ಡಾಕರ್ ನೋಡಿದೆವು, ಕೋಡಿನ ಜೊತೆ ಅದಕ್ಕೆ ಬೇಕಾದ ತಂತ್ರಾಂಶವನ್ನೆಲ್ಲ ಒಂದೇ ಕಟ್ಟು ಮಾಡಿ ಕೊಡುವ ಸಾಧನ. 4 ಜಿಬಿ ರ‍್ಯಾಮಿನ ಲ್ಯಾಬ್ ಯಂತ್ರಗಳು ಏಳಲೇ ಇಲ್ಲ. ಹಾಸ್ಟೆಲ್ ನೆಟ್ಟಿನಲ್ಲಿ ಆ ಕಟ್ಟು (ಇಮೇಜ್ ಅನ್ನುತ್ತಾರೆ) ಇಳಿಯಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಸ್ಟೋರಿನಲ್ಲಿ ಬಿದ್ದಿದ್ದ ಒಂದು ಹಳೇ ಡೆಸ್ಕ್‌ಟಾಪ್. ಎಸ್‌ಎಸ್‌ಡಿ, ರ‍್ಯಾಮ್ ಸೇರಿ ಆರೇಳು ಸಾವಿರ ಆಯಿತು. ಫೋಲ್ಡರ್ ಓಡಿಸಿ ನೋಡುವುದು ಅದರಲ್ಲೇ, ಆದರೆ ಯಾರ ಫೈಲೂ ಅಲ್ಲಿ ಇಡುವಂತಿಲ್ಲ. ಅದೇ ಅದರ ಗುಣ. ಕೋಡಿನೊಳಗೆ ಸ್ವಂತ ಲ್ಯಾಪ್‌ಟಾಪಿನ ಡಿ ಡ್ರೈವ್ ವಿಳಾಸ ಬರೆದವರು ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತಾರೆ.

ಒಂದು ಸಲ ಎಲ್ಲ ಸರಿಯಿದ್ದೂ ಕೋಷ್ಟಕ ಬೇರೆ ಬಂತು. ಸೀಡ್ (ಯಾದೃಚ್ಛಿಕ ಆಯ್ಕೆ ಪ್ರತಿ ಸಲ ಒಂದೇ ರೀತಿ ಬರಲು ಕೊಡುವ ಆರಂಭದ ಅಂಕಿ) ಒಂದೇ, ಡೇಟಾ ಒಂದೇ. ಇಡೀ ಮಧ್ಯಾಹ್ನ ಹೋಯಿತು. ನೋಡಿದರೆ ಲೆಕ್ಕ ಮಾಡುವ ಆರ್ (R) ತಂತ್ರಾಂಶ ಒಬ್ಬರದು 3.5, ಇನ್ನೊಬ್ಬರದು 3.6. 2019ರಲ್ಲಿ ಬಂದ 3.6.0ರಿಂದ ಸ್ಯಾಂಪಲ್ ಆರಿಸುವ ರೀತಿಯೇ ಬದಲಾಗಿದೆ. ಹಳೇ ರೀತಿಗೆ ಒಂದು ಸಾಲು ಸೇರಿಸಿದ ಕೂಡಲೇ ಅಂಕಿ ಹೊಂದಿತು. ಅವತ್ತಿನಿಂದ ವರ್ಷನ್ ಬರೆಯದ ಫೋಲ್ಡರ್ ನಾನು ತೆಗೆದುಕೊಳ್ಳುವುದಿಲ್ಲ.

ನಮ್ಮ ಕಡೆಯ ಇನ್ನೊಂದು ತೊಂದರೆ ಯಾವ ಕೈಪಿಡಿಯಲ್ಲೂ ನನಗೆ ಸಿಗಲಿಲ್ಲ. ಹಳೇ ಸರ್ವೆಗಳು ನುಡಿ ಫಾಂಟಿನಲ್ಲಿವೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಸಂಕೇತಕ್ಕೆ ತಿರುಗಿಸಿದಾಗ ಅರ್ಕಾವೊತ್ತು ಕೈಕೊಡುತ್ತದೆ. 'ತೀರ್ಥಹಳ್ಳಿ', 'ತೀರ‍್ಥಹಳ್ಳಿ' ಎರಡೂ ನಮಗೆ ಒಂದೇ ಊರು, ಕಂಪ್ಯೂಟರಿಗೆ ಎರಡು. ಒಂದು ಸರ್ವೆಯಲ್ಲಿ ಹೀಗೆ ಊರುಗಳ ಸಂಖ್ಯೆಯೇ ಏರಿತ್ತು. ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿದ್ದ ಕೋಷ್ಟಕದ ಫೈಲ್, ಅಂದರೆ ಸಿಎಸ್‌ವಿಯನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದವರದು ಕನ್ನಡವೇ ಹೋಗಿತ್ತು. ಈಗ ಊರಿಗೊಂದು ಕೋಡ್ ನಂಬರ್ ಕೊಡುತ್ತೇವೆ. ಹೆಸರು ಓದಲಿಕ್ಕೆ ಮಾತ್ರ. ಪರಿವರ್ತನೆಗೆ ನಾನೇ ಬರೆದ ಸ್ಕ್ರಿಪ್ಟ್ ಇದೆ, ಇಲ್ಲಿ ಹಾಕುತ್ತಿಲ್ಲ. ಬೇಕಾದವರು ಫೈಲ್ ಹಿಡಿದು ಬರಲಿ, ಎದುರು ಕೂತು ಮಾಡೋಣ.

ಅಧ್ಯಾಪಕರನ್ನು ಒಪ್ಪಿಸಿದ್ದು 2013ರ ಒಂದು ಪ್ರಸಂಗ. ಹಾರ್ವರ್ಡ್‌ನ ರೈನ್‌ಹಾರ್ಟ್, ರೋಗಾಫ್ ಅವರ ಸಾಲದ ಲೆಕ್ಕವನ್ನು ಮತ್ತೆ ಮಾಡಿದ ಥಾಮಸ್ ಹರ್ನ್‌ಡನ್ ಆಗ ವಿದ್ಯಾರ್ಥಿ. ಎಕ್ಸೆಲ್‌ನಲ್ಲಿ 5 ದೇಶಗಳ ಅಡ್ಡಸಾಲುಗಳೇ ಬಿಟ್ಟುಹೋಗಿದ್ದವು. ಆ ತಪ್ಪಿನ ಜೊತೆ ಬೇರೆ ಲೋಪಗಳನ್ನೂ ಸರಿಮಾಡಿದಾಗ ಸಾಲ ಜಾಸ್ತಿ ಇದ್ದ ದೇಶಗಳ ಸರಾಸರಿ ಆರ್ಥಿಕ ಬೆಳವಣಿಗೆ ಶೇ. −0.1 ಹೋಗಿ ಶೇ. 2.2 ಆಯಿತು. "ನಮ್ಮ ತಪ್ಪು ನಮ್ಮ ಹುಡುಗರೇ ಹಿಡಿದರೆ ಮನೆಯೊಳಗೇ ಮುಗಿಯುತ್ತೆ ಸರ್" ಅಂದೆ. ವಿಭಾಗದ ಮುಖ್ಯಸ್ಥರಿಗೆ ಇನ್ನೊಂದು ಮಾತೂ ಹೇಳಿದ್ದೆ, ಅದು ನಮ್ಮಿಬ್ಬರಲ್ಲೇ ಇರಲಿ.

ಓಡಿಸಿದವರ ಹೆಸರು ಪೇಪರಿನ ಕೃತಜ್ಞತೆಯಲ್ಲಿ ಬರಲೇಬೇಕು. ಇದನ್ನು ಬಿಟ್ಟರೆ ಯಾರೂ ಬರುವುದಿಲ್ಲ, ನೋಡಿದ್ದೇನೆ. ಥೀಸಿಸ್ ಹೇಗೂ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಹೋಗುತ್ತದೆ, ಡೇಟಾ ಪೆನ್‌ಡ್ರೈವಿನಲ್ಲೇ ಸಾಯುತ್ತಿತ್ತು. ಈಗ ಜನರ ಹೆಸರು, ಫೋನ್ ನಂಬರ್ ತೆಗೆದು ಸಂಶೋಧನಾ ಡೇಟಾ ಇಡುವ ಜೆನೊಡೊ ಎಂಬ ಜಾಲತಾಣದಲ್ಲಿ ಇಡುತ್ತೇವೆ. ಡಿಒಐ (ಉಲ್ಲೇಖಿಸಲು ಬರುವ ಶಾಶ್ವತ ಗುರುತಿನ ಸಂಖ್ಯೆ) ಸಿಗುತ್ತದೆ, ದುಡ್ಡು ಬೇಡ. ರಸಾಯನಶಾಸ್ತ್ರದವರೂ ಕೇಳುತ್ತಿದ್ದಾರೆ. ಅವರ ಉಪಕರಣದ ಮಾತು ನನಗೆ ಗೊತ್ತಿಲ್ಲ, ರೀಡಿಂಗ್ ಬಂದ ಮೇಲಿನ ಲೆಕ್ಕ ಮಾತ್ರ ಓಡಿಸಿಕೊಡುತ್ತೇನೆ ಅಂದಿದ್ದೇನೆ. ಜೂನ್‌ನಿಂದ ಶುರು.