ಮೊದಲ ಹಾಕಿ ಸ್ಟಿಕ್: ಒಂದಳತೆ ದೊಡ್ಡದು ಬೇಡ

ನನ್ನ ಮೊದಲ ಹಾಕಿ ಸ್ಟಿಕ್ 37 ಇಂಚಿನದು. ಆಗ ನನಗೆ ಹನ್ನೊಂದು ವರ್ಷ, ಎತ್ತರ ನಾಲ್ಕೂವರೆ ಅಡಿ. ಸ್ಕೂಲ್ ಯೂನಿಫಾರಂ ತೆಗೆಯುವ ಲೆಕ್ಕದಲ್ಲೇ ಅಪ್ಪ ಅದನ್ನು ತೆಗೆದಿದ್ದರು. "ಬೆಳೆಯೋ ಹುಡುಗಿ, ಒಂದಳತೆ ದೊಡ್ಡದೇ ಇರಲಿ, ನಾಲ್ಕು ವರ್ಷ ಬರುತ್ತೆ" ಅಂದರು. ಅಂಗಡಿಯವರೂ ಹೂಂ ಅಂದರು. ಲಂಗ ಉದ್ದವಾದರೆ ಮಡಚಿ ಹೊಲಿಯಬಹುದು. ಸ್ಟಿಕ್ ಮಡಚೋಕಾಗುತ್ತಾ?

ಬಗ್ಗಿದರೆ ಅದರ ಹಿಡಿ ಹೊಟ್ಟೆಗೆ ತಿವಿಯುತ್ತಿತ್ತು. ತಿವಿಯಬಾರದು ಅಂತ ನೆಟ್ಟಗೆ ನಿಂತೇ ಆಡುತ್ತಿದ್ದೆ. ಎಡಗೈ ಹಿಡಿಯ ತುದಿಯಲ್ಲಿರಬೇಕು, ನನ್ನದು ಒಂದು ಗೇಣು ಕೆಳಗಿರುತ್ತಿತ್ತು. ಆ ಚಾಳಿ ಬಿಡಿಸೋಕೆ ನಮ್ಮ ಪಿ.ಟಿ. ಮೇಡಂಗೆ ಎರಡು ವರ್ಷ ಬೇಕಾಯಿತು. ಈಗ ಮೈಸೂರಿನಲ್ಲಿ ಭಾನುವಾರ ಬೆಳಗ್ಗೆ ಒಂದಷ್ಟು ಮಕ್ಕಳಿಗೆ ಹಾಕಿ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಒಂದಿಬ್ಬರು ಅಂಥದೇ ಉದ್ದದ ಸ್ಟಿಕ್ ಹಿಡಿದು ಬರುತ್ತಾರೆ. ಹಾಗಾಗಿ ಉದ್ದದ ವಿಷಯ ಮೊದಲು.

ಆಡುವಾಗ ಹಾಕುವ ಶೂ ಹಾಕಿಕೊಂಡೇ ಅಂಗಡಿಗೆ ಹೋಗಿ. ಸ್ಟಿಕ್ಕನ್ನು ಕಾಲಿನ ಪಕ್ಕ ನೆಟ್ಟಗೆ ನಿಲ್ಲಿಸಿ. ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರಕ್ಕೆ ಬರಬೇಕು. ನನ್ನದು ಪಕ್ಕೆಲುಬು ಮುಟ್ಟುತ್ತಿತ್ತು! ಸುಮಾರಾಗಿ ನಾಲ್ಕಡಿ ಮಗುವಿಗೆ 30–32 ಇಂಚು, ನಾಲ್ಕೂವರೆ ಅಡಿಗೆ 33–34, ಐದಡಿಗೆ 35–36. ಐದಡಿ ಮೂರಿಂಚು ದಾಟಿದ ಬಹುಪಾಲು ಜನಕ್ಕೆ 36.5 ಸಾಕು. ಐದಡಿ ಹತ್ತಿಂಚಿನ ಮೇಲಿದ್ದವರು 37.5 ನೋಡಬಹುದು.

ಈ ಅಳತೆ ಹಿಡಿದು ಎರಡು ಸ್ಟಿಕ್ ಆರಿಸಿಕೊಳ್ಳಿ, ಅಷ್ಟಕ್ಕೇ ದುಡ್ಡು ಕೊಡಬೇಡಿ. ಒಬ್ಬೊಬ್ಬರ ಕಾಲು, ಕೈ ಒಂದೊಂದು ಉದ್ದ. ಅಂಗಡಿಯಲ್ಲೇ ಆಟಕ್ಕೆ ನಿಲ್ಲುವ ಹಾಗೆ ನಿಲ್ಲಿ. ಮಂಡಿ ಬಗ್ಗಿಸಿ, ಬೆನ್ನು ಸ್ವಲ್ಪ ಮುಂದಕ್ಕೆ, ಎಡಗೈ ಹಿಡಿಯ ತುದಿಯಲ್ಲಿ, ಬಲಗೈ ಕೆಳಗೆ. ಮುಂದೆ, ಸ್ವಲ್ಪ ಬಲಕ್ಕೆ ಬಾಲ್ ಇದೆ ಅಂದುಕೊಂಡು ಅತ್ತಿತ್ತ ಆಡಿಸಿ. ಎಡಗೈ ಹೊಟ್ಟೆಗೆ ತಾಗದೆ ತಿರುಗುತ್ತಿದ್ದರೆ ಸರಿ. ಮೊಣಕೈ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದರೆ ಸ್ಟಿಕ್ ಉದ್ದ. ತೀರಾ ಬಗ್ಗಿ ಸೊಂಟ ಹಿಡಿಯುವ ಹಾಗಾದರೆ ಗಿಡ್ಡ. ಎರಡರ ನಡುವೆ ಅನುಮಾನ ಬಂದರೆ, ಹೊಸಬರು ಗಿಡ್ಡದ್ದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಗಿಡ್ಡ ಸ್ಟಿಕ್ ಮಂಡಿ ಬಗ್ಗಿಸಲು ಕಲಿಸುತ್ತದೆ. ಮಗು ಬೆಳೆದರೆ ಇನ್ನೊಂದು ಕೊಳ್ಳಬೇಕಲ್ಲ ಅಂತೀರಾ? ಹೌದು, ಕೊಳ್ಳಬೇಕು. ಶೂ ಕೊಳ್ಳಲ್ವಾ?

ಆಮೇಲೆ ತೂಕ. ನಿಯಮದ ಪ್ರಕಾರ ಸ್ಟಿಕ್ 737 ಗ್ರಾಂ ಮೀರಬಾರದು. ಆ ಮಿತಿ ಹೊಸಬರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ, ಅಷ್ಟು ಭಾರದ್ದು ಹೊತ್ತು ಕಲಿಯುವುದು ಕಷ್ಟ. ಈಗಿನ ಫೈಬರ್ ಸ್ಟಿಕ್‌ಗಳು ದೊಡ್ಡವರ ಅಳತೆಯಲ್ಲೂ 520–550 ಗ್ರಾಂ ಆಸುಪಾಸು ಸಿಗುತ್ತವೆ. ಮಕ್ಕಳದು ಇನ್ನೂ ಹಗುರ. ತೂಕ ಬರೆದಿಲ್ಲವಾದರೆ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಡಿ. ನಾನು ಇಟ್ಟಿದ್ದೇನೆ. ಬೇಳೆ ತೂಗುತ್ತಿದ್ದವರು ವಿಚಿತ್ರವಾಗಿ ನೋಡಿದರು, ಅಷ್ಟೇ.

ತಕ್ಕಡಿಗಿಂತ ಕೈಯನ್ನು ಜಾಸ್ತಿ ನಂಬಿ. ಎಡಗೈ ಒಂದರಲ್ಲೇ ಹಿಡಿಯ ತುದಿ ಹಿಡಿದು ಸ್ಟಿಕ್ಕನ್ನು ಮುಂದಕ್ಕೆ ಚಾಚಿ, ನಿಧಾನವಾಗಿ ಇಪ್ಪತ್ತು ಎಣಿಸಿ. ಹತ್ತಕ್ಕೇ ಮಣಿಕಟ್ಟು ನಡುಗಿದರೆ ಅದು ನಿಮ್ಮದಲ್ಲ. ಹಾಗೇ ಹಿಡಿದು ಹೆಡ್ಡನ್ನು, ಅಂದರೆ ಕೆಳಗಿನ ಬಾಗಿದ ತುದಿಯನ್ನು, ಒಂದು ಸಲ ಆಕಡೆ, ಒಂದು ಸಲ ಈಕಡೆ ತಿರುಗಿಸಿ. ಹಾಕಿಯಲ್ಲಿ ಸ್ಟಿಕ್ ತಿರುಗಿಸುವುದು ಎಡಗೈ. ಬಲಗೈ ಬರೀ ಕೊಳವೆಯ ಹಾಗೆ ಸುತ್ತ ಇರುತ್ತದೆ. ಒಂದೇ ತೂಕದ ಎರಡು ಸ್ಟಿಕ್ ಕೈಗೆ ಬೇರೆ ಬೇರೆ ಅನ್ನಿಸುವುದೂ ಉಂಟು. ಭಾರ ಕೆಳಗೆ ಹೆಡ್ಡಿನಲ್ಲಿದ್ದರೆ ಹಿಟ್ ಜೋರು, ತಿರುಗಿಸೋದು ನಿಧಾನ. ಹೊಸಬರಿಗೆ ತಿರುಗಿಸೋದೇ ಮುಖ್ಯ.

ಎಡಗೈಯವರಿಗೆ ಬೇರೆ ಸ್ಟಿಕ್ ಇದೆಯಾ ಅಂತ ಎಡಚ ಮಕ್ಕಳ ಅಪ್ಪ ಅಮ್ಮ ಯಾವಾಗಲೂ ಕೇಳುತ್ತಾರೆ. ಇಲ್ಲ. ಎಲ್ಲಾ ಸ್ಟಿಕ್‌ಗೂ ಚಪ್ಪಟೆ ಮುಖ ಎಡಗಡೆಯೇ, ಉಬ್ಬಿದ ಬೆನ್ನು ಬಲಗಡೆಯೇ. ಆ ಉಬ್ಬಿದ ಕಡೆಯಿಂದ ಬಾಲ್ ಆಡಿದರೆ ಫೌಲ್. ಎಡಚ ಮಗುವೂ ಇದರಲ್ಲೇ ಕಲಿಯುತ್ತದೆ. ಎಡಗೈ ಗಟ್ಟಿ ಇರುವುದು ಇಲ್ಲಿ ಲಾಭವೇ.

ಈಗ ಮರವೋ ಫೈಬರೋ? ನಾನು ಬೆಳೆದದ್ದು ಕೊಡಗಿನ ಗೋಣಿಕೊಪ್ಪದಲ್ಲಿ. ಅಲ್ಲಿ ಏಪ್ರಿಲ್-ಮೇ ಬಂತೆಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ್ದು ಅದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿದವು. ಒಂದೇ ಮನೆತನದ ಗಂಡಸರು, ಹೆಂಗಸರು, ಮಕ್ಕಳು, ವಯಸ್ಸಾದವರು ಒಟ್ಟಿಗೆ ಆಡುತ್ತಾರೆ. ಅಜ್ಜನ ಕೈಯಲ್ಲಿ ಕಪ್ಪಾದ ಮರದ ಸ್ಟಿಕ್, ಮೊಮ್ಮಗನ ಕೈಯಲ್ಲಿ ಮಿಂಚುವ ಕಾರ್ಬನ್ ಫೈಬರ್. ಎಷ್ಟೋ ಸಲ ಅಜ್ಜನೇ ಬಾಲನ್ನು ಚೆನ್ನಾಗಿ ನಿಲ್ಲಿಸುತ್ತಾರೆ. ಅದರಲ್ಲಿ ಅಜ್ಜನ ಅನುಭವ ಎಷ್ಟಿದೆಯೋ, ಮರದ್ದೂ ಅಷ್ಟೇ ಇದೆ.

ಮರದ ಸ್ಟಿಕ್ಕಿನ ಹೆಡ್ ಹಿಪ್ಪುನೇರಳೆಯದು. ಹೌದು, ರಾಮನಗರದ ಕಡೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾರಲ್ಲ, ಅದೇ ಹಿಪ್ಪುನೇರಳೆ. ಬಾಗಿಸಿದರೆ ಬಾಗುತ್ತದೆ, ಬೇಗ ಒಡೆಯುವುದಿಲ್ಲ. ಹಿಡಿಗೆ ಬೆತ್ತ, ನಡುವೆ ರಬ್ಬರ್ ಪಟ್ಟಿ. ಜಲಂಧರ್, ಮೀರತ್ ಕಡೆಯಿಂದ ಬರುವ ಇಂಥ ಸ್ಟಿಕ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಬಾಲ್ ಬಡಿದಾಗ ಮರ ಆ ಪೆಟ್ಟನ್ನು ಸ್ವಲ್ಪ ಕುಡಿಯುತ್ತದೆ. ಹಾಗಾಗಿ ಬಾಲ್ ಸ್ಟಿಕ್ ಬಳಿಯೇ ನಿಲ್ಲುತ್ತದೆ. ಕಾರ್ಬನ್ ಹಾಗಲ್ಲ, ಬಿಗಿ. ಹಿಟ್ ಹೊಡೆದರೆ ಬಾಲ್ ಗುಂಡಿನ ಹಾಗೆ ಹೋಗುತ್ತದೆ. ಬಂದ ಬಾಲ್ ಕೂಡ ಅಷ್ಟೇ ಜೋರಾಗಿ ಪುಟಿದು ಆಚೆ ಹೋಗುತ್ತದೆ. ಬಾಲ್ ನಿಲ್ಲಿಸೋಕೆ ಬಾರದವರಿಗೆ ಅದು ಎದುರಾಳಿಗೆ ಪಾಸ್ ಕೊಡುವ ಯಂತ್ರ. ಬೆಳಗಿನ ಚಳಿಯಲ್ಲಿ ಬಾಲ್ ಅಂಚಿಗೆ ಬಡಿದರೆ ಅಂಗೈ ಜುಮ್ಮೆನ್ನುತ್ತದೆ, ಅದು ಬೇರೆ.

ನೀವು ಆಡುವ ಮೈದಾನ ಯಾವುದು, ಅದನ್ನೂ ನೋಡಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಟರ್ಫ್, ಅಂದರೆ ಕೃತಕ ಹುಲ್ಲಿನ ಮೇಲೆ ಹತ್ತಿತು. ನಮ್ಮ ಹೆಚ್ಚಿನ ಮಕ್ಕಳು ಇನ್ನೂ ಮಣ್ಣಿನ ಮೇಲೇ ಇದ್ದಾರೆ. ಸಣ್ಣ ಕಲ್ಲು ತುಂಬಿದ ಸ್ಕೂಲ್ ಗ್ರೌಂಡು ಸ್ಟಿಕ್ಕಿನ ಅಂಚನ್ನು ಉಜ್ಜುಗೊರಡಿನ ಹಾಗೆ ತಿನ್ನುತ್ತದೆ. ಹತ್ತಾರು ಸಾವಿರ ಕೊಟ್ಟ ಸ್ಟಿಕ್ ಅಲ್ಲಿ ಎರಡೇ ತಿಂಗಳಿಗೆ ಕಚ್ಚು ಬೀಳುತ್ತದೆ. ಮಣ್ಣಿನಲ್ಲಿ ಕಲಿಯುವವರಿಗೆ ಮರದ್ದು ಧಾರಾಳ ಸಾಕು. ಆದರೆ ಮಳೆಗೆ ಮರ ಆಗದು. ಜೂನ್‌ನಲ್ಲಿ ನೆನೆಸಿ ಹಾಗೇ ಮೂಲೆಗಿಟ್ಟರೆ ಹೆಡ್ ಊದಿಕೊಂಡು ನಾರು ಬಿಡುತ್ತದೆ. ಟರ್ಫ್ ಮೇಲೆ ನೀರು ಹಾಕಿಯೇ ಆಡುವುದರಿಂದ ಅಲ್ಲಿ ಹೋಗುವವರು ಫೈಬರ್ ತೆಗೆದುಕೊಳ್ಳಿ. ಅದರಲ್ಲೂ ಕಾರ್ಬನ್ ಕಡಿಮೆ ಇರಲಿ, ನೂರಕ್ಕೆ ಹತ್ತು ಇಪ್ಪತ್ತು ಸಾಕು, ಉಳಿದದ್ದು ಫೈಬರ್‌ಗ್ಲಾಸ್ ಇದ್ದರಾಯಿತು. ಕಪ್ಪು ಬಣ್ಣ ಬಳಿದದ್ದೆಲ್ಲ ಕಾರ್ಬನ್ ಅಲ್ಲ, ನೆನಪಿರಲಿ.

ಫೈಬರ್ ಸ್ಟಿಕ್ ಅಂದಕೂಡಲೇ ಅದರ ಉದ್ದಕ್ಕೂ ಇರುವ ಬಾಗು ಎಷ್ಟು ಅನ್ನುವ ಮಾತು ಬರುತ್ತದೆ. ಹುಡುಗರು ಇದನ್ನು ಬೋ ಅನ್ನುತ್ತಾರೆ. ಸ್ಟಿಕ್ಕಿನ ಚಪ್ಪಟೆ ಮುಖ ಕೆಳಗೆ ಬರುವ ಹಾಗೆ ಅಂಗಡಿಯ ಟೇಬಲ್ ಮೇಲೆ ಮಲಗಿಸಿ. ನಡುವೆ ಸೇತುವೆಯ ಹಾಗೆ ಸಂದು ಕಾಣುತ್ತದೆ. ಆ ಸಂದು ಎಲ್ಲಿ ಜಾಸ್ತಿಯೋ ಅಲ್ಲಿ ಮಗುವಿನ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು ಅಳೆಯಿರಿ. ನಿಯಮದಲ್ಲಿ 25 ಮಿಲಿಮೀಟರ್ ಕೊನೆ. ಅತಿ ಬಾಗಿದ ಜಾಗ ಹೆಡ್ಡಿನ ತಳದಿಂದ 20 ಸೆಂಟಿಮೀಟರ್‌ಗಿಂತ ಕೆಳಗೆ ಇರಬಾರದು. ಡ್ರ್ಯಾಗ್ ಫ್ಲಿಕ್ (ಬಾಲನ್ನು ಸ್ಟಿಕ್ಕಿನಲ್ಲೇ ಎಳೆದು ಗೋಲಿಗೆ ಎಸೆಯುವುದು) ಹೊಡೆಯುವವರು ಈ ಎರಡೂ ಮಿತಿಯ ಅಂಚಿನಲ್ಲಿರುವ, ಕೆಳಗೆ ಬಾಗಿದ ಸ್ಟಿಕ್ ಇಷ್ಟಪಡುತ್ತಾರೆ. ಬಾಲ್ ಆ ಬಾಗಿನಲ್ಲಿ ಕೂತು, ಕವಣೆಯಿಂದ ಬಂದ ಹಾಗೆ ಬರುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕ ಹರ್ಮನ್‌ಪ್ರೀತ್ ಸಿಂಗ್ 10 ಗೋಲ್ ಹೊಡೆದರು, ಕಂಚು ಬಂತು. ಅದಾದ ಮೇಲೆ ನನ್ನ ಬ್ಯಾಚಿನ ಹುಡುಗರಿಗೆಲ್ಲ ಕೆಳಬಾಗಿನ ಸ್ಟಿಕ್ಕೇ ಬೇಕು. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಕೂಡ ಡ್ರ್ಯಾಗ್ ಫ್ಲಿಕ್ಕಿಗೇ ಹೆಸರಾದವರು, ಆಸೆ ತಪ್ಪಲ್ಲ. ಆದರೆ ಕೆಳಬಾಗಿನ ಸ್ಟಿಕ್ಕಿನಿಂದ ಹೊಸಬರು ಹಿಟ್ ಹೊಡೆದರೆ ಬಾಲ್ ನೆಲ ಬಿಟ್ಟು ಏಳುತ್ತದೆ. ಹಾಕಿ ಬಾಲ್ 156ರಿಂದ 163 ಗ್ರಾಂ, ಕಲ್ಲಿನಂತೆ ಗಟ್ಟಿ. ಎದುರಿಗಿರುವ ಮಗುವಿನ ಹಲ್ಲಿನ ಕಥೆ ಏನು? ಮೊದಲ ಸ್ಟಿಕ್ಕಿಗೆ 20ರಿಂದ 22 ಮಿಲಿಮೀಟರ್ ಬಾಗು, ಅದೂ ಸ್ಟಿಕ್ಕಿನ ನಡುಭಾಗದ ಕಡೆಗಿದ್ದರೆ ಸಾಕು. ಮರದ್ದಾದರೆ ಈ ತಲೆನೋವೇ ಇಲ್ಲ, ಅದು ಹೆಚ್ಚುಕಡಿಮೆ ನೆಟ್ಟಗಿರುತ್ತದೆ.

ಹೆಡ್ಡಿನ ಆಕಾರದಲ್ಲಿ ಮಿಡಿ ಅಂತ ಕೇಳಿ, ಅದು ಎಲ್ಲದಕ್ಕೂ ಆಗುತ್ತದೆ. ಹುಕ್ ಬಾಲ್ ನಿಲ್ಲಿಸೋಕೆ ಚೆನ್ನ, ತಿರುಗಿಸೋಕೆ ಕಷ್ಟ. ಗೋಲ್‌ಕೀಪರ್ ಸ್ಟಿಕ್‌ಗೆ ಕೆಲವು ಸಲ ಹಿಡಿಯ ಕೆಳಗೆ ಸೊಟ್ಟ ಇರುತ್ತದೆ. ಅದನ್ನು ತಯಾರಿಕೆಯ ದೋಷ ಅಂದುಕೊಳ್ಳಬೇಡಿ, ಫಾರ್ವರ್ಡ್ ಆಡುವ ಮಗುವಿಗೆ ಕೊಡಿಸಲೂಬೇಡಿ. ಆನ್‌ಲೈನ್‌ನಲ್ಲಿ ತರಿಸುವವರು ಹೆಸರನ್ನು ಎರಡು ಸಲ ಓದಿ. ಐಸ್ ಹಾಕಿಯದು, ಇಂಡೋರ್ ಹಾಕಿಯ ತೆಳು ಸ್ಟಿಕ್, ಆಟದ ಸಾಮಾನು, ಎಲ್ಲವೂ ಒಂದೇ ಪುಟದಲ್ಲಿ ಬಂದು ಕೂತಿರುತ್ತವೆ. ಇಂಡೋರ್ ಸ್ಟಿಕ್ಕಿನಿಂದ ಮೈದಾನದಲ್ಲಿ ಹಿಟ್ ಹೊಡೆದರೆ ಒಂದೇ ವಾರದಲ್ಲಿ ಸೀಳಬಹುದು.

ಬಳಸಿದ ಸ್ಟಿಕ್ ಸಿಕ್ಕರೆ ಬಿಡಬೇಡಿ. ಅಕ್ಕನ ಮಗಳಿಗೆ ನಾನು ಕೊಡಿಸಿದ್ದು ಅಂಥದ್ದೇ, 33 ಇಂಚಿನ ಫೈಬರ್. "ಚಿಕ್ಕಮ್ಮಾ, ಹಳೇದಾ?" ಅಂತ ಮುಖ ಊದಿಸಿಕೊಂಡಳು. ಹೊಸ ಗ್ರಿಪ್ ಸುತ್ತಿಕೊಟ್ಟ ಮೇಲೆ ಸರಿಹೋದಳು. ಹಳೆಯದನ್ನು ಹೀಗೆ ನೋಡಿ. ಸಂತೆಯಲ್ಲಿ ಗಡಿಗೆ ತಟ್ಟಿ ನೋಡುತ್ತೇವಲ್ಲ, ಹಾಗೆ ಹೆಡ್ಡನ್ನು ನೆಲಕ್ಕೆ ಮೆಲ್ಲಗೆ ತಟ್ಟಿ. ಠಣ್ ಅಂತ ತುಂಬಿದ ಸದ್ದು ಬಂದರೆ ಗಟ್ಟಿ. ಒಡಕು ಸದ್ದು, ಗರಗರ ಅಂದರೆ ಒಳಗೆ ಬಿಟ್ಟಿದೆ. ಹೆಡ್ ಬಾಗುವ ಜಾಗದಲ್ಲಿ ಉಗುರು ಓಡಿಸಿ, ಕೂದಲೆಳೆಯಷ್ಟು ಬಿರುಕಿದ್ದರೂ ಉಗುರಿಗೆ ಸಿಗುತ್ತದೆ. ಅಂಚಿನಿಂದ ಚೂಪಾದ ಎಳೆ ಎದ್ದಿದ್ದರೆ ಬೇಡ, ಕೈ ಕಾಲು ಕೊಯ್ಯುತ್ತದೆ, ಅಂಪೈರೂ ಆಡಲು ಬಿಡುವುದಿಲ್ಲ. ಮೇಲಿನ ಬಣ್ಣ ಕೆರೆದು ಹೋಗಿದ್ದರೆ ಚಿಂತೆಯಿಲ್ಲ. ಹೆಡ್ಡಿನ ಅಂಚಿಗೆ ಟೇಪ್ ಸುತ್ತಬಹುದು, ನುಣುಪಾಗಿದ್ದು ಒಟ್ಟು ಸ್ಟಿಕ್ ನಿಯಮದ 51 ಮಿಲಿಮೀಟರ್ ಅಗಲದ ಉಂಗುರದಲ್ಲಿ ತೂರಿ ಬಂದರಾಯಿತು.

ಗ್ರಿಪ್ಪಿಗೆ ಜಿಪುಣತನ ಮಾಡಬೇಡಿ. ಚಿಕ್ಕ ಕೈಗೆ ಹಿಡಿ ದಪ್ಪ ಅನ್ನಿಸಿದರೆ ಹಳೆ ಗ್ರಿಪ್ ಬಿಚ್ಚಿ ತೆಳುವಾದದ್ದು ಸುತ್ತಿ. ಹಳೆಯದರ ಮೇಲೇ ಹೊಸದು ಸುತ್ತಿದರೆ ಹಿಡಿ ಒನಕೆಯಾಗುತ್ತದೆ. ಕೈ ಜಾಸ್ತಿ ಬೆವರುವವರಿಗೆ ಟವೆಲ್ ಬಟ್ಟೆಯ ಗ್ರಿಪ್ ಒಳ್ಳೆಯದು. ಉಳಿದ ದುಡ್ಡಿನಲ್ಲಿ ಶಿನ್ ಗಾರ್ಡ್ ಮತ್ತು ಮೌತ್ ಗಾರ್ಡ್ ತೆಗೆದುಕೊಳ್ಳಿ. ಸ್ಟಿಕ್ಕಿಗೇ ಎಲ್ಲ ಸುರಿದು ಮೊಣಕಾಲ ಕೆಳಗೆ ಗಾರ್ಡ್ ಇಲ್ಲದೆ ಬರುವ ಮಕ್ಕಳನ್ನು ನಾನು ಹೊರಗೆ ಕೂರಿಸುತ್ತೇನೆ.

ಮನೆಗೆ ತಂದ ಮೇಲೆ ಆಟ ಮುಗಿದ ಕೂಡಲೇ ಒರೆಸಿ, ಗಾಳಿಯಾಡುವ ಕಡೆ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಸಿಮೆಂಟ್ ರಸ್ತೆಯ ಮೇಲೆ ಎಳೆದುಕೊಂಡು ಹೋಗುವುದು ಮಕ್ಕಳಿಗೆ ಬಲು ಖುಷಿ, ಅಂಚು ಸವೆಯುವುದು ಅಲ್ಲೇ. ಇನ್ನೊಂದು, ಗ್ರಿಪ್ ಸುತ್ತುವ ಮೊದಲು ಹಿಡಿಯ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಹೆಸರು ಬರೆಯಿರಿ. ಗ್ರೌಂಡಿನ ಪಕ್ಕ ಇಪ್ಪತ್ತು ಕಪ್ಪು ಸ್ಟಿಕ್ ಬಿದ್ದಿರುತ್ತವೆ, ಎಲ್ಲಾ ಒಂದೇ ತರಹ. ನನ್ನ ಎರಡನೇ ಸ್ಟಿಕ್, ಕೊನೆಗೂ ನನ್ನ ಅಳತೆಯದು, ಪೊನ್ನಂಪೇಟೆಯಲ್ಲಿ ಒಂದು ಮ್ಯಾಚ್ ಮುಗಿದ ಮೇಲೆ ಯಾರದೋ ಬ್ಯಾಗು ಸೇರಿತು. ಅದರ ಬದಲಿಗೆ ಅಲ್ಲಿ ಉಳಿದಿದ್ದದ್ದು 37 ಇಂಚಿನದು.