ಬ್ಯಾಕ್ಲೋಫೆನ್ ಮಂಪರಿಗೆ ಡಯಾಲಿಸಿಸ್: ನನ್ನ ಅನುಭವ

ಡಯಾಲಿಸಿಸ್ ರೋಗಿ ಮಂಪರಿನಲ್ಲಿ ಬಂದರೆ ನಾನು ಮೊದಲು ಕೇಳುವುದು ಮಾತ್ರೆ ಚೀಟಿ. ಬಿಕ್ಕಳಿಕೆಗೋ ಸೊಂಟನೋವಿಗೋ ಯಾರೋ ಬ್ಯಾಕ್ಲೋಫೆನ್ ಎಂಬ ಸ್ನಾಯು ಸಡಿಲಿಸುವ ಮಾತ್ರೆ ಬರೆದಿರುತ್ತಾರೆ. 10 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಕಿಡ್ನಿ ಸರಿ ಇದ್ದವರಿಗೆ ಅದು ಮಾಮೂಲಿ ಡೋಸ್. ನಮ್ಮ ಡಯಾಲಿಸಿಸ್‌ನವರಲ್ಲಿ ಅದು ಕಿಡ್ನಿಯಿಂದ ಹೊರಹೋಗದೆ ಉಳಿದು, ಕೆಲವರು ಎರಡು ಮೂರು ಮಾತ್ರೆಗೇ ಮಲಗಿಬಿಡುತ್ತಾರೆ.

ಒಬ್ಬ ಅಜ್ಜಿ ಹಾಗೇ ಬಂದರು. ನನ್ನ ಹತ್ತಿರ ಬರುವಷ್ಟರಲ್ಲಿ ಎಂಆರ್‌ಐ, ಬೆನ್ನುನೀರು, ಐಸಿಯು ಎಲ್ಲ ಸೇರಿ ಮನೆಯವರು 40 ಸಾವಿರದ ಹತ್ತಿರ ಕಳೆದಿದ್ದರು. ರಿಪೋರ್ಟ್‌ನಲ್ಲಿ ಏನೂ ಇಲ್ಲ. ಡಯಾಲಿಸಿಸ್ ಹಾಕೋಣ ಎಂದೆ. 'ಯೂರಿಯಾ ಅಷ್ಟೇನೂ ಏರಿಲ್ವಲ್ಲ ಸಾರ್, ಯಾಕೆ?' ಎಂದರು ನನ್ನ ಜೊತೆ ಕೆಲಸ ಮಾಡುವವರು. ಬ್ಯಾಕ್ಲೋಫೆನ್ ಸಣ್ಣ ಅಣು, ರಕ್ತದ ಪ್ರೋಟೀನಿಗೆ ಅಂಟುವುದು ಮೂರನೇ ಒಂದು ಭಾಗವಷ್ಟೇ. ಡಯಾಲಿಸಿಸ್‌ನಲ್ಲಿ ಹೊರಗೆ ಬರಬೇಕು, ಅಲ್ವಾ? ರಕ್ತದಲ್ಲಿ ಔಷಧಿಯ ಮಟ್ಟ ನೋಡಲು ನಮ್ಮಲ್ಲಿ ವ್ಯವಸ್ಥೆಯಿಲ್ಲ. ಕಾಯಲೂ ಇಲ್ಲ.

ನಾಲ್ಕು ಗಂಟೆ ಓಡಿಸಿದ ಮೇಲೆ ಕಣ್ಣು ಬಿಟ್ಟರು. ಬೆಳಿಗ್ಗೆ ಮತ್ತೆ ಮಂಪರು. 'ನಾವು ಹೇಳಿರಲಿಲ್ವಾ' ಎಂಬ ಮಾತೂ ಬಂತು. ನಾನು ಬಿಡಲಿಲ್ಲ. ರಕ್ತ ಸ್ವಚ್ಛವಾದರೂ ಮೆದುಳಿನಿಂದ ಔಷಧಿ ನಿಧಾನವಾಗಿ ಇಳಿಯುತ್ತದೆ. ಮರುದಿನ ಮತ್ತೆ, ಅದರ ಮರುದಿನ ಮತ್ತೆ ಹಾಕಿದೆ. ಮೂರನೆಯದು ಮುಗಿದಾಗ ಮಗನ ಹೆಸರು ಹಿಡಿದು ಕರೆದರು. ಒಂದು ಸಲಕ್ಕೆ ಸುಮಾರು 2 ಸಾವಿರ ರೂಪಾಯಿ. ಮೂರೂ ಸೇರಿದರೂ ವೆಂಟಿಲೇಟರ್‌ನ ಒಂದು ದಿನದ ಬಿಲ್ಲಿಗಿಂತ ಕಡಿಮೆ.

ಆಮೇಲೆ ಬಂದವರಿಗೆಲ್ಲ ಮೊದಲೇ ದಿನಾ ಡಯಾಲಿಸಿಸ್ ಎಂದು ಬರೆದೆ. ಒಂದು ಪೂರ್ತಿ ದಿನ ಎಚ್ಚರವಿದ್ದರೆ ಮಾತ್ರ ನಿಲ್ಲಿಸುತ್ತೇನೆ. ಮೈಯಿಂದ ನೀರು ಕಡಿಮೆ ತೆಗೆಯುತ್ತೇನೆ, ಇಲ್ಲದಿದ್ದರೆ ಬಿಪಿ ಇಳಿಯುತ್ತದೆ. ದಿನಾ ಹಾಕುವಾಗ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿಯುತ್ತವೆ, ನೋಡಿಕೊಳ್ಳಿ. ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಇಲ್ಲದೆ, ಕಿಡ್ನಿ ಕೆಟ್ಟು ಯೂರಿಯಾ ಏರಿ ಬರುವ ಮಂಪರಿನಿಂದ ಇದನ್ನು ಬೇರೆ ಮಾಡಲು ನನ್ನದೊಂದು ಸಣ್ಣ ಪರೀಕ್ಷೆ ಇದೆ. ಅದನ್ನು ಸದ್ಯಕ್ಕೆ ನನ್ನ ಹುಡುಗರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ. ವರ್ಷಗಟ್ಟಲೆ ಈ ಮಾತ್ರೆ ನುಂಗಿದವರಾದರೆ ಹುಷಾರು: ಒಮ್ಮೆಲೇ ತೆಗೆದರೆ ಫಿಟ್ಸ್ ಬರಬಹುದು.

ಹೊಟ್ಟೆಯ ಡಯಾಲಿಸಿಸ್ (ಬ್ಯಾಗಿನ ದ್ರವ ಹೊಟ್ಟೆಗೆ ತುಂಬಿ ತೆಗೆಯುವುದು) ಮಾಡುವ ಒಬ್ಬರಿಗೆ ಗಂಟೆಗೊಂದು ಬ್ಯಾಗ್ ಬದಲಿಸಿ ನೋಡಿದೆವು. ಬ್ಯಾಗಿಗೇ ಐದಾರು ಸಾವಿರ ಹೋಯಿತು, ಮಂಪರು ಇಳಿಯಲಿಲ್ಲ. ಕೊನೆಗೆ ಕುತ್ತಿಗೆಗೆ ಕ್ಯಾತೆಟರ್ ಹಾಕಿ ಮೆಷಿನ್‌ಗೇ ಕೂರಿಸಿದೆವು. ಸೆಫೆಪಿಮ್ ಎಂಬ ಆಂಟಿಬಯೋಟಿಕ್‌ನಿಂದ ಬರುವ ಮಂಪರಿಗೂ ಇದೇ ದಾರಿ ಹಿಡಿದೆ, ಚೆನ್ನಾಗಿ ಬಂತು. ಅದು ಮೂರು ಗಂಟೆಯಲ್ಲೇ ಮೂರನೇ ಎರಡು ಭಾಗ ಹೊರಬರುತ್ತದೆ. ಹೃದಯದ ಔಷಧಿ ಡಿಗಾಕ್ಸಿನ್‌ಗೆ ಮಾತ್ರ ಸುಮ್ನೆ ಮೆಷಿನ್ ಓಡಿಸಬೇಡಿ. ಅದು ಮಾಂಸಖಂಡಕ್ಕೆ ಇಳಿದುಬಿಟ್ಟಿರುತ್ತದೆ, ರಕ್ತ ಎಷ್ಟು ತೊಳೆದರೂ ಸಿಗುವುದು ಚೂರು.